ಸಿದ್ದಿಯರ ಜಾಗದಲ್ಲಿ ನಿಂತು ನೋಡೋದು ಅಂದ್ರೆ ಏನು?

ಸಂಜೆಕಾಫಿ

ಎಲ್ಲರಿಗೂ ನಮಸ್ಕಾರ. ಹೋದ ವಾರ ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಲಘಟಗಿಯಲ್ಲಿ ಒಬ್ಬ ಸಿದ್ದಿ ಹೆಂಗಸು ಹತ್ತಿದರು. ಸಿದ್ದಿಯರು ಅಂದ್ರೆ ತಲೆಮಾರುಗಳಿಂದ ನಮ್ಮಲ್ಲೇ ಇರುವ ಆಫ್ರಿಕಾ ಮೂಲದ ಸಮುದಾಯ. ಕೈಯಲ್ಲಿ ಸಂತೆ ಚೀಲ, ಸೊಂಟದಲ್ಲಿ ಮಗು. ಮುಂದಿನ ಸೀಟಿನಲ್ಲಿದ್ದ ಇಬ್ಬರು ಕಾಲೇಜು ಹುಡುಗರು ‘ವಿಚ್ ಕಂಟ್ರಿ?’ ಅಂತ ಕೇಳಿದರು. ಆಕೆ ‘ಒಂಚೂರು ಆ ಕಡೆ ಸರೀರಿ ತಮ್ಮಾ, ಕೂಸಿನ ಕಾಲು ಸಿಕ್ಕೊಂಡೈತಿ’ ಅಂದರು. ಅರ್ಧ ಬಸ್ಸು ಗೊಳ್ಳೆಂದು ನಕ್ಕಿತು. ಹಿಂದಿನಿಂದ ಒಬ್ಬರು ‘ಏನ್ ಚಂದ ಕನ್ನಡ ಮಾತಾಡ್ತಾಳ ನೋಡ್ರಿ!’ ಅಂತ ಹೊಗಳಿದರು. ಆಕೆಗೆ ಹೊಗಳಿಕೆ ಬೇಕಿರಲಿಲ್ಲ, ಸೀಟು ಬೇಕಿತ್ತು. ಇದೂ ಒಂದು ಥರದ ಜನಾಂಗದ್ವೇಷವೇ (ರೇಸಿಸಂ) ಅಲ್ವಾ ಅನ್ನಿಸಿತು.

‘ಇನ್ನೊಬ್ಬರ ಜಾಗದಲ್ಲಿ ನಿಂತು ನೋಡು’ ಅಂತ ಎಲ್ಲರೂ ಹೇಳ್ತೀವಿ. ಅದು ನಿಜಕ್ಕೂ ಆಗೋ ಕೆಲಸವಾ? ಬಲ್ಲವರು ಹೇಳಿ.

ರಾಗಿಮುದ್ದೆ

ಬಿಡಿ ಸರ್, ಇದರಲ್ಲಿ ದ್ವೇಷ ಎಲ್ಲಿ ಬಂತು? ಹುಡುಗರಿಗೆ ಕುತೂಹಲ, ಕೇಳಿದ್ರು. ನಾನು ಬಳ್ಳಾರಿಯವನು. ಮಂಗಳೂರಿಗೆ ಹೋದ್ರೆ ನನ್ನ ಮಾತು ಕೇಳಿ ಅವರೂ ನಗ್ತಾರೆ. ನಾನೇನು ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಾ? ನಮ್ಮಲ್ಲಿ ಜಾತಿ ಇದೆ, ಒಪ್ತೀನಿ. ಆದ್ರೆ ರೇಸಿಸಂ ಅನ್ನೋದು ಅಮೆರಿಕದವರ ಕಾಯಿಲೆ. ಅದನ್ನೂ ಯಾಕೆ ಇಂಪೋರ್ಟ್ ಮಾಡ್ಕೋಬೇಕು?

ಕರಿಮೆಣಸು

ರಾಗಿಮುದ್ದೆ ಗುರುಗಳೇ, ಸಂವಿಧಾನದ 15ನೇ ವಿಧಿ ಒಮ್ಮೆ ನೋಡಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ಅಂತ ಬರೆದಿದೆ. ಜನಾಂಗ ಬೇರೆ, ಜಾತಿ ಬೇರೆ. ಬರೆದವರಿಗೆ ಎರಡೂ ನಮ್ಮಲ್ಲೇ ಇವೆ ಅಂತ ಗೊತ್ತಿತ್ತು.

2016ರ ಜನವರಿ 31 ಮರೆತುಹೋಯ್ತಾ? ಬೆಂಗಳೂರಿನ ಸೋಲದೇವನಹಳ್ಳಿ ಹತ್ತಿರ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಗುದ್ದಿ ಒಬ್ಬ ಹೆಂಗಸು ಸತ್ತರು. ಜನ ಸೇರಿದರು. ಅರ್ಧ ಗಂಟೆಯ ನಂತರ ಅದೇ ದಾರಿಯಲ್ಲಿ ಟಾಂಜಾನಿಯಾದ ವಿದ್ಯಾರ್ಥಿನಿ ಗೆಳೆಯರ ಜೊತೆ ಬಂದಳು. ಅಪಘಾತಕ್ಕೂ ಅವಳಿಗೂ ಯಾವ ಸಂಬಂಧವೂ ಇಲ್ಲ. ಅವಳನ್ನು ಕಾರಿನಿಂದ ಎಳೆದು ಹೊಡೆದರು, ಕಾರಿಗೆ ಬೆಂಕಿ ಹಚ್ಚಿದರು. ಸುಡಾನಿಗೂ ಟಾಂಜಾನಿಯಾಗೂ ಗಡಿ ಕೂಡ ತಾಗೋದಿಲ್ಲ. ಗುಂಪಿಗೆ ಕಂಡಿದ್ದು ಬಣ್ಣ ಒಂದೇ. ಇದನ್ನ ಯಾವ ದೇಶದಿಂದ ಇಂಪೋರ್ಟ್ ಮಾಡಿಕೊಂಡ್ವಿ ಹೇಳಿ.

ರಾಗಿಮುದ್ದೆ

ಅದು ತಪ್ಪೇ. ಯಾರು ಇಲ್ಲ ಅಂದ್ರು? ಆದ್ರೆ ಬಸ್ಸಿನಲ್ಲಿ ನಕ್ಕಿದ್ದನ್ನೂ ಕಾರು ಸುಟ್ಟಿದ್ದನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕಾಳಿತೀರ

ನಾನು ಸಿದ್ದಿ. ಹಳಿಯಾಳ ತಾಲೂಕಿನವಳು, ಈಗ ಧಾರವಾಡದಲ್ಲಿ ಕೆಲಸ. ಓದಿ ಸುಮ್ನೆ ಹೋಗೋಣ ಅಂತಿದ್ದೆ. ಆದ್ರೆ ‘ಕುತೂಹಲ’ ಅನ್ನೋ ಮಾತಿಗೆ ಉತ್ತರ ಕೊಡಬೇಕು ಅನ್ನಿಸ್ತು.

ರಾಗಿಮುದ್ದೆಯವರೇ, ತಕ್ಕಡಿ ಬೇರೆ ಅನ್ನೋದನ್ನ ನಾನೂ ಒಪ್ತೀನಿ. ಆದ್ರೆ ಕೇಳೋರಿಗೆ ಅದು ಒಂದು ಸಲ, ನನಗೆ ದಿನಾ. ಬಸ್‌ಸ್ಟ್ಯಾಂಡಿನಲ್ಲಿ, ಬ್ಯಾಂಕಿನಲ್ಲಿ, ಬಾಡಿಗೆ ಮನೆ ನೋಡೋಕೆ ಹೋದಲ್ಲಿ. ಕೇಳೋರು ಬೇರೆ ಬೇರೆ, ಉತ್ತರ ಹೇಳೋಳು ನಾನೊಬ್ಬಳೇ. ಒಂದು ದಿನ ಸಿಡುಕಿದರೆ ‘ಈ ಸಿದ್ದಿಯರಿಗೆ ಸಿಟ್ಟು ಜಾಸ್ತಿ’ ಅಂತಾರೆ. ನೀವು ಮಂಗಳೂರಿನಿಂದ ಬಳ್ಳಾರಿಗೆ ವಾಪಸ್ ಬಂದ ಮೇಲೆ ಯಾರೂ ನಗಲ್ಲ ಅಲ್ವಾ? ನನ್ನನ್ನ ಕೇಳೋದು ನನ್ನ ಬಳ್ಳಾರಿಯಲ್ಲೇ.

ಶಾಲೆಯ ಒಂದು ವಿಷಯ ಹೇಳ್ತೀನಿ. ಹುಡುಗಿಯರಿಗೆ ಎರಡು ಜಡೆ, ಮಡಚಿ ಕಟ್ಟಿದ ಕೆಂಪು ರಿಬ್ಬನ್. ಅದು ನಿಯಮ. ನನ್ನ ಕೂದಲು ಜಡೆಗೆ ಬರೋ ಕೂದಲಲ್ಲ. ಬೆಳಿಗ್ಗೆ ಅವ್ವ ಕೊಬ್ಬರಿ ಎಣ್ಣೆ ಸುರಿದು, ಬಾಚಣಿಗೆಯ ಹಲ್ಲು ಮುರಿಯೋ ತನಕ ಎಳೆದು, ಕಿವಿಯ ಮೇಲೆ ಎರಡು ಗಂಟು ಕಟ್ಟಿ ಕಳಿಸುತ್ತಿದ್ದಳು. ಪ್ರಾರ್ಥನೆ ಮುಗಿಯೋ ಹೊತ್ತಿಗೆ ಒಂದು ರಿಬ್ಬನ್ ಜಾರಿ ಬಿದ್ದಿರುತ್ತಿತ್ತು. ‘ತಲೆ ಬಾಚಿಕೊಂಡು ಬರೋಕೆ ಏನು ದಾಡಿ?’ ಅಂತ ಹೊರಗೆ ನಿಲ್ಲಿಸೋರು. ಆ ಟೀಚರ್ ಕೆಟ್ಟವರಲ್ಲ. ಪ್ರವಾಸಕ್ಕೆ ನನ್ನ ದುಡ್ಡು ತಾವೇ ಹಾಕಿದವರು. ಅವರ ಕಣ್ಣಿಗೆ ನನ್ನದು ಬಾಚದ ತಲೆ. ಹೀಗೂ ಕೂದಲು ಇರುತ್ತೆ ಅಂತ ಅವರಿಗೆ ಹೊಳೆದಿರಲೇ ಇಲ್ಲ. ಅವ್ವನ ಬೆರಳಿನ ನೋವು ಅವರಿಗೆ ಹೇಗೆ ಗೊತ್ತಾಗಬೇಕು?

ಬಸ್ಸಿನಲ್ಲಿ ನಕ್ಕವರೂ ಅಂಥವರೇ ಇರಬಹುದು. ಕೆಟ್ಟವರಲ್ಲ ಅನ್ನೋದರಿಂದ ನಮಗೇನೂ ಹಗುರ ಆಗಲ್ಲ.

ಮಲ್ಲಿಗೆಮೊಗ್ಗು

ಅಕ್ಕ, ಓದಿ ಹೊಟ್ಟೆಯಲ್ಲಿ ಸಂಕಟ ಆಯ್ತು. ನನ್ನದೂ ಕಪ್ಪು ಬಣ್ಣ. ಚಿಕ್ಕಂದಿನಿಂದ ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ ಎಲ್ಲಾ ಆಗಿದೆ. ಗಂಡು ನೋಡೋಕೆ ಬಂದವರು ‘ಫೋಟೋದಲ್ಲಿ ಬೆಳ್ಳಗಿದ್ರಿ’ ಅಂದು ಎದ್ದುಹೋಗಿದ್ದೂ ಇದೆ. 2020ರಲ್ಲಿ ಫೇರ್ ಅಂಡ್ ಲವ್ಲಿ ಹೋಗಿ ಗ್ಲೋ ಅಂಡ್ ಲವ್ಲಿ ಆಯ್ತು. ನಮ್ಮತ್ತೆ ಅದನ್ನೂ ತಂದಿಟ್ಟರು. ಹಾಗಾಗಿ ನಿಮ್ಮ ನೋವು ನನಗೆ ಚೆನ್ನಾಗಿ ಅರ್ಥ ಆಗುತ್ತೆ.

ಕಾಳಿತೀರ

ತಂಗಿ, ನಿಮ್ಮ ಮನಸ್ಸು ದೊಡ್ಡದು. ಆದ್ರೆ ಒಂದು ಮಾತು. ನಿಮ್ಮನ್ನ ‘ಕಪ್ಪು’ ಅಂದವರು ನೀವು ಯಾರ ಮನೆ ಮಗಳು ಅಂತ ಗೊತ್ತಿದ್ದೇ ಅಂದರು. ಅದು ಒಂದು ಥರದ ನೋವು. ನನ್ನನ್ನ ಈ ಊರಿನವಳೇ ಅಲ್ಲ ಅಂತಾರೆ. ನಮ್ಮಜ್ಜಿಯ ಅಜ್ಜಿ ಇದೇ ಕಾಡಿನಲ್ಲಿ ಸತ್ತಿದ್ದಾಳೆ. ಎರಡನ್ನೂ ಒಂದೇ ಅಂದ್ರೆ ನಿಮ್ಮದಕ್ಕೂ ನ್ಯಾಯ ಇಲ್ಲ, ನನ್ನದಕ್ಕೂ ಇಲ್ಲ.

ಮಲ್ಲಿಗೆಮೊಗ್ಗು

ಸರಿ ಅಕ್ಕ. ಹಾಗಾದ್ರೆ ನೀವೇ ಹೇಳ್ತಾ ಹೋಗಿ, ಕೇಳ್ತೀನಿ.

ನಿವೃತ್ತ ಮೇಷ್ಟ್ರು

ಇತಿಹಾಸ ಗೊತ್ತಿಲ್ಲದವರಿಗಾಗಿ ಸ್ವಲ್ಪ ಬರೆಯುತ್ತೇನೆ. ಉದ್ದ ಆದರೆ ಕ್ಷಮೆಯಿರಲಿ, ಮೇಷ್ಟ್ರ ಚಟ.

ನಮ್ಮ ಸಿದ್ದಿಯರ ಹಿರಿಯರಲ್ಲಿ ಹೆಚ್ಚಿನವರನ್ನು ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ, ಮುಖ್ಯವಾಗಿ ಮೊಜಾಂಬಿಕ್ ಕಡೆಯಿಂದ, ಗುಲಾಮರಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲ, ಜೋಯಿಡಾ ಕಡೆ ಇವತ್ತಿಗೂ ಅವರ ಊರುಗಳಿವೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಹೊರಗೆ ಕನ್ನಡ.

ಆದರೆ ದಖ್ಖನಿಗೆ ಆಫ್ರಿಕಾದವರು ಬಂದಿದ್ದು ಗೋವೆಯ ದಾರಿಯೊಂದರಿಂದಲೇ ಅಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ, ಹುಡುಗನಿದ್ದಾಗಲೇ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ ಬಂದ ಮಲಿಕ್ ಅಂಬರ್ ಅಹ್ಮದ್‌ನಗರದ ರಾಜ್ಯವನ್ನೇ ನಡೆಸಿದ. 1626ರಲ್ಲಿ ಸಾಯುವ ತನಕ ಮೊಗಲರಿಗೆ ನಿದ್ದೆ ಕೊಡಲಿಲ್ಲ. ಔರಂಗಾಬಾದ್ (ಈಗಿನ ಹೆಸರು ಛತ್ರಪತಿ ಸಂಭಾಜಿನಗರ) ಊರನ್ನು ಮೊದಲು ಖಡ್ಕಿ ಅಂತ ಕಟ್ಟಿದವನು ಅವನೇ. ಜಹಾಂಗೀರನಿಗೆ ಅವನನ್ನು ಪೂರ್ತಿಯಾಗಿ ಸೋಲಿಸಲು ಆಗಲಿಲ್ಲ. ತನ್ನ ಆತ್ಮಕಥೆಯಲ್ಲಿ ಅವನ ಬಣ್ಣ ಹಿಡಿದು ಬೈದ. ಮಲಿಕ್ ಅಂಬರನ ಕಡಿದ ತಲೆಗೆ ತಾನು ಬಾಣ ಹೊಡೆಯುವಂತೆ ಚಿತ್ರ ಬರೆಸಿಕೊಂಡ. ಯುದ್ಧದಲ್ಲಿ ಆಗದ್ದನ್ನು ಕಾಗದದಲ್ಲಿ ಮಾಡಿಕೊಂಡ, ಪಾಪ. ನಮ್ಮ ಬಿಜಾಪುರದ ಆದಿಲ್‌ಶಾಹಿಯಲ್ಲೂ ಇಖ್ಲಾಸ್ ಖಾನ್ ಅನ್ನುವ ಹಬ್ಶಿ (ಅಂದರೆ ಆಫ್ರಿಕಾ ಮೂಲದ) ಮಂತ್ರಿ ಇದ್ದ.

ಆದ್ದರಿಂದ ಆ ಹುಡುಗರಿಗೆ ‘ಯಾವ ದೇಶ’ ಅನ್ನುವ ಪ್ರಶ್ನೆಗೆ ಉತ್ತರ: ನಿಮ್ಮದೇ.

ರಾಗಿಮುದ್ದೆ

ಮೇಷ್ಟ್ರೇ, ಬಿಜಾಪುರದ ವಿಷಯ ಗೊತ್ತಿರಲಿಲ್ಲ. ಶಾಲೆಯಲ್ಲಿ ಇದನ್ನ ಯಾಕೆ ಹೇಳಿಕೊಡಲ್ಲ?

ಆಟದ ಬಯಲು

ಸಿದ್ದಿಯರು ಹುಟ್ಟಾ ಕ್ರೀಡಾಪಟುಗಳು ಸಾರ್. ಏನು ಮೈಕಟ್ಟು! ಸರಿಯಾಗಿ ತರಬೇತಿ ಕೊಟ್ಟಿದ್ರೆ ಒಲಿಂಪಿಕ್ಸ್‌ನಲ್ಲಿ ನಮಗೂ ಉಸೇನ್ ಬೋಲ್ಟ್ ಸಿಗ್ತಿದ್ದ. ಇದು ಹೊಗಳಿಕೆ, ಯಾರೂ ತಪ್ಪು ತಿಳ್ಕೋಬೇಡಿ.

ಕಾಳಿತೀರ

ತಪ್ಪು ತಿಳ್ಕೊಂಡಿಲ್ಲ. ಇದೇ ಲೆಕ್ಕ 1980ರ ದಶಕದಲ್ಲಿ ಸರ್ಕಾರವೂ ಹಾಕಿತ್ತು. ಭಾರತೀಯ ಕ್ರೀಡಾ ಪ್ರಾಧಿಕಾರದವರು ವಿಶೇಷ ಯೋಜನೆ ಮಾಡಿ ನಮ್ಮ ಮಕ್ಕಳನ್ನ ಆರಿಸಿ ಹಾಸ್ಟೆಲಿಗೆ ಕರೆದುಕೊಂಡು ಹೋದರು. ಚೆನ್ನಾಗಿ ಓಡಿದವರೂ ಇದ್ದರು, ಪದಕ ಗೆದ್ದವರೂ ಇದ್ದರು. ಕೆಲವೇ ವರ್ಷಕ್ಕೆ ಯೋಜನೆ ನಿಂತುಹೋಯ್ತು. ಮಕ್ಕಳು ವಾಪಸ್ ಬಂದ್ರು, ಅಡಿಕೆ ತೋಟದ ಕೂಲಿಗೆ ಹೋದ್ರು.

ಆರಿಸಿದ್ದು ರಕ್ತ ನೋಡಿ. ಓದು, ಊಟ, ಭೂಮಿಯ ಪಟ್ಟಾ, ಇವನ್ನ ಯಾರೂ ಅಷ್ಟು ಉತ್ಸಾಹದಿಂದ ನೋಡಲಿಲ್ಲ. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಯವರಿಗೆ 2020ರಲ್ಲಿ. ಸಂಜೆಕಾಫಿಯವರು ಕಲಘಟಗಿಯಲ್ಲಿ ನೋಡಿದ ಆ ಹೆಂಗಸು ಧಾರವಾಡ ಜಿಲ್ಲೆಯವಳೇ ಆಗಿದ್ರೆ, ಅವಳ ಗಡಿಯಾಚೆಯ ತಂಗಿಗೆ ಸಿಕ್ಕ ಸರ್ಟಿಫಿಕೇಟ್ ಅವಳಿಗೆ ಹದಿನೇಳು ವರ್ಷ ಸಿಕ್ಕಿರಲಿಲ್ಲ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ನೀನಾಸಂನಲ್ಲಿ ನಾಟಕ ಕಲಿತ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಇದ್ದಾರೆ. ನನ್ನ ತಮ್ಮ ಲೆಕ್ಕಪತ್ರ ನೋಡ್ತಾನೆ, ಓಡೋಕೆ ಹೇಳಿದ್ರೆ ಕೂತ್ಕೋತಾನೆ.

ಕಮ್ಮನಹಳ್ಳಿ ಆಂಟಿ

ನಾನು ನೇರವಾಗಿ ಹೇಳೋಳು. ನಮ್ಮ ಏರಿಯಾದಲ್ಲಿ ಆಫ್ರಿಕಾದ ವಿದ್ಯಾರ್ಥಿಗಳು ಜಾಸ್ತಿ. ನನ್ನ ಮೇಲಿನ ಮನೆಯಲ್ಲೂ ಇಬ್ಬರಿದ್ದಾರೆ. ಬೇರೆ ಓನರ್‌ಗಳು ಅವರಿಗೆ ಅಂದ್ರೆ ಬಾಡಿಗೆಯೂ ಹೆಚ್ಚು, ಅಡ್ವಾನ್ಸೂ ಹೆಚ್ಚು ಕೇಳ್ತಾರೆ. ನಾನು ಕೇಳಲ್ಲ. ಆದ್ರೆ ಶನಿವಾರ ರಾತ್ರಿ ಮ್ಯೂಸಿಕ್ ಇಟ್ರೆ ಬಿಪಿ ಏರುತ್ತೆ, ಅದೂ ನಿಜ. ಹೋಗಿ ಬಾಗಿಲು ತಟ್ತೀನಿ, ‘ಸಾರಿ ಮಮ್ಮಿ’ ಅಂತ ಕಡಿಮೆ ಮಾಡ್ತಾರೆ. ಕೆಳಗಿನ ಮನೆ ಸಾಫ್ಟ್‌ವೇರ್ ಹುಡುಗರೂ ಇಡ್ತಾರೆ, ಅವರು ಕಡಿಮೆ ಮಾಡಲ್ಲ. ಬೀದಿಯವರು ಮಾತ್ರ ಬಂದು ದೂರು ಹೇಳೋದು ಮೇಲಿನವರದ್ದೇ. ‘ಡ್ರಗ್ಸ್ ಇರಬಹುದು, ನೋಡ್ಕೊಳ್ಳಿ’ ಅಂತಾರೆ. ಏನಾದ್ರೂ ನೋಡಿದ್ರಾ ಅಂದ್ರೆ ಇಲ್ಲ, ‘ಅವರೆಲ್ಲ ಹಾಗೇ ಅಲ್ವಾ’ ಅಂತಾರೆ. ನನಗೆ ಅವರ ಜಾಗದಲ್ಲಿ ನಿಲ್ಲೋಕೆಲ್ಲ ಬರಲ್ಲಪ್ಪ. ಬಾಡಿಗೆ ಕರಾರು ಎಲ್ಲರಿಗೂ ಒಂದೇ ಥರ ಬರೆಸೋಕೆ ಬರುತ್ತೆ.

ಕರಿಮೆಣಸು

ಆಂಟಿ, ನಿಮ್ಮನ್ನ ಸಮಾಜ ಕಲ್ಯಾಣ ಇಲಾಖೆಗೆ ಹಾಕಬೇಕು.

ಮೆಜೆಸ್ಟಿಕ್ ಆಟೋ

2012ರ ಆಗಸ್ಟ್ ಹೇಳ್ತೀನಿ ಕೇಳಿ. ಈಶಾನ್ಯದವರ ಮೇಲೆ ಹಲ್ಲೆ ಆಗುತ್ತೆ ಅಂತ ಮೊಬೈಲಿನಲ್ಲಿ ಸುಳ್ಳು ಸುದ್ದಿ ಹರಡಿತ್ತು. ಸಾವಿರಾರು ಜನ ರಾತ್ರೋರಾತ್ರಿ ಬೆಂಗಳೂರಿನ ರೈಲ್ವೆ ಸ್ಟೇಷನ್ನಿಗೆ ಬಂದ್ರು. ಗುವಾಹಟಿಗೆ ಸ್ಪೆಷಲ್ ಟ್ರೈನ್ ಬಿಟ್ರು. ಆಮೇಲೆ ಸರ್ಕಾರ ಒಂದು ಸಲಕ್ಕೆ ಐದಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ ಕಳಿಸಬಾರದು ಅಂತ ಕಟ್ಟು ಮಾಡಿತು.

ನನ್ನ ಆಟೋದಲ್ಲಿ ಒಬ್ಬ ಹುಡುಗ ಬಂದ, ಹೋಟೆಲಿನಲ್ಲಿ ಸಪ್ಲೈಯರ್. ಬೆಡ್‌ಶೀಟಿನಲ್ಲಿ ಕುಕ್ಕರ್ ಕಟ್ಟಿಕೊಂಡಿದ್ದ. ‘ಯಾರು ಹೊಡೀತಾರೆ, ಹೆದರಬೇಡ’ ಅಂದೆ. ಅವನು ‘ಅಣ್ಣ, ನೀವು ಹೊಡೆಯಲ್ಲ ಅಂತ ನನಗೆ ಗೊತ್ತು. ರಸ್ತೇಲಿ ಯಾರು ಹೊಡೀತಾರೆ, ಯಾರು ಹೊಡೆಯಲ್ಲ ಅಂತ ಮುಖ ನೋಡಿ ಹೇಗೆ ಹೇಳಲಿ?’ ಅಂದ. ಕನ್ನಡದಲ್ಲೇ ಅಂದ. ಸುದ್ದಿ ಸುಳ್ಳು, ಸರಿ. ಆದ್ರೆ ದಿನಾ ‘ಚಿಂಕಿ’, ‘ನೇಪಾಳಿ’ ಅಂತ ಕರೆಸಿಕೊಂಡವನಿಗೆ ಅಂಥ ಸುದ್ದಿ ನಂಬೋದು ಕಷ್ಟ ಅಲ್ಲ.

ಡೆಟ್ರಾಯ್ಟ್ ಡೈರಿ

ಅಮೆರಿಕದ ಮಾತು ಬಂದಿದ್ದಕ್ಕೆ ಬರೀತಿದ್ದೀನಿ. 2017ರ ಫೆಬ್ರವರಿಯಲ್ಲಿ ಕ್ಯಾನ್ಸಸ್ ರಾಜ್ಯದಲ್ಲಿ ಒಬ್ಬ ತೆಲುಗು ಇಂಜಿನಿಯರ್‌ನನ್ನು ಬಾರಿನಲ್ಲಿ ಗುಂಡಿಟ್ಟು ಕೊಂದರು. ‘ನನ್ನ ದೇಶ ಬಿಟ್ಟು ಹೋಗು’ ಅಂತ ಕೂಗಿ ಕೊಂದರು. ಆ ವಾರ ಇಲ್ಲಿನ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ರೇಸಿಸಂ ವಿರೋಧಿಗಳು. ಅದೇ ಗುಂಪಿನಲ್ಲಿ ಮನೆ ಕೊಳ್ಳೋ ಮಾತು ಬಂದಾಗ ‘ಆ ಏರಿಯಾ ಬೇಡ, ಕರಿಯರು ಜಾಸ್ತಿ’ ಅಂತಾರೆ.

ಒಂದು ಹಳೆಯ ಕೇಸು ಇದೆ. ಭಗತ್ ಸಿಂಗ್ ತಿಂದ್ ಅಂತ ಒಬ್ಬ ಪಂಜಾಬಿ, ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಆಗ ವಲಸೆ ಬಂದವರಲ್ಲಿ ಪೌರತ್ವ ಸಿಗುತ್ತಿದ್ದುದು ಬಿಳಿಯರಿಗೆ, ಇಲ್ಲವೇ ಆಫ್ರಿಕಾ ಮೂಲದವರಿಗೆ. ಬಿಳಿಯರಿಗೆ ಮಾತ್ರ ಅನ್ನೋ ನಿಯಮವೇ ತಪ್ಪು ಅಂತ ಅವರ ಕಡೆಯವರು ವಾದಿಸಲಿಲ್ಲ. ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ ಅಂತ ವಾದಿಸಿದರು. ಊರಲ್ಲಿ ಮೇಲ್ಜಾತಿಯವರು ಆದಿವಾಸಿಗಳ ಜೊತೆ ಮದುವೆ ಸಂಬಂಧ ಮಾಡಲ್ಲ, ನೀವು ಕಪ್ಪು ಜನರನ್ನ ನೋಡೋ ಹಾಗೆಯೇ ಅವರೂ ಅಂತ ಕೂಡ ಹೇಳಿದರು! 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ‘ಸಾಮಾನ್ಯ ಜನರ ಕಣ್ಣಿಗೆ ನೀನು ಬಿಳಿಯ ಅಲ್ಲ’ ಅಂತ ತೀರ್ಪು ಕೊಟ್ಟಿತು. ಅದಾಗಲೇ ಪೌರತ್ವ ಸಿಕ್ಕಿದ್ದ ಭಾರತೀಯರಿಂದಲೂ ವಾಪಸ್ ಕಿತ್ತುಕೊಂಡರು.

ನಮ್ಮಂಥವರು ಇಲ್ಲಿಗೆ ದಂಡಿಯಾಗಿ ಬರೋ ಹಾಗಾಗಿದ್ದು 1965ರ ವಲಸೆ ಕಾನೂನಿನಿಂದ. ಅದರ ಹಿಂದಿನ ವರ್ಷವೇ ನಾಗರಿಕ ಹಕ್ಕುಗಳ ಕಾನೂನು ಬಂದಿತ್ತು. ಕಪ್ಪು ಜನ ಬೀದಿಗಿಳಿದು ಪೆಟ್ಟು ತಿಂದದ್ದರಿಂದ ತೆರೆದ ಬಾಗಿಲು ಅದು. ಅದೇ ಬಾಗಿಲಿನಿಂದ ಒಳಗೆ ಬಂದವರು ಪಕ್ಕದ ಮನೆಗೆ ಅವರು ಬೇಡ ಅಂತಾರೆ.

ನಿರ್ವಾಹಕರು

ಬೈಗುಳ ಇದ್ದ ಕಾಮೆಂಟುಗಳನ್ನು ತೆಗೆದಿದ್ದೇವೆ. ವಿಷಯದ ಮೇಲೆ ಮಾತಾಡಿ.

ಅಡಿಕೆಹಾಳೆ

ನಾನು ಮುಂಡಗೋಡ ಕಡೆ ಪ್ರಾಥಮಿಕ ಶಾಲೆ ಶಿಕ್ಷಕಿ. ಸಂಜೆಕಾಫಿಯವರ ಮೂಲ ಪ್ರಶ್ನೆಗೆ ಬರ್ತೀನಿ. ಅಮೆರಿಕದ ಅಯೋವಾದಲ್ಲಿ ಜೇನ್ ಎಲಿಯಟ್ ಅಂತ ಒಬ್ಬ ಟೀಚರ್ ಇದ್ದರು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಯ್ತು. ಮರುದಿನ ಅವರು ಮೂರನೇ ಕ್ಲಾಸಿನ ಮಕ್ಕಳನ್ನ ಕಣ್ಣಿನ ಬಣ್ಣದ ಮೇಲೆ ಎರಡು ಗುಂಪು ಮಾಡಿದರು. ಎಲ್ಲರೂ ಬಿಳಿ ಮಕ್ಕಳೇ. ಒಂದು ಬಣ್ಣದ ಕಣ್ಣಿನವರು ಜಾಣರು, ಅವರಿಗೆ ಜಾಸ್ತಿ ಹೊತ್ತು ಆಟ. ಇನ್ನೊಂದು ಬಣ್ಣದ ಕಣ್ಣಿನವರಿಗೆ ಗುರುತಿಗೆ ಕಟ್ಟಿಕೊಳ್ಳೋ ಪಟ್ಟಿ, ಅವರು ಎಲ್ಲರ ಜೊತೆ ನಲ್ಲಿಯಲ್ಲಿ ನೀರು ಕುಡಿಯೋ ಹಾಗಿಲ್ಲ. ಮಧ್ಯಾಹ್ನದೊಳಗೆ ಗೆಳೆಯರೇ ಗೆಳೆಯರನ್ನ ಹಂಗಿಸತೊಡಗಿದರು. ಆಮೇಲೆ ಗುಂಪು ಅದಲು ಬದಲು ಮಾಡಿದರು. ಕೆಳಗಿನ ಗುಂಪಿನಲ್ಲಿದ್ದ ದಿನ ಆ ಮಕ್ಕಳ ಓದು ಕೂಡ ನಿಧಾನ ಆಗ್ತಿತ್ತಂತೆ. ನನ್ನ ಕ್ಲಾಸಿನಲ್ಲಿ ಸಿದ್ದಿ ಮಕ್ಕಳಿದ್ದಾರೆ, ಉಳಿದವರು ರೇಗಿಸ್ತಾರೆ. ಇಂಥದ್ದನ್ನ ಮಾಡಿಸಬಹುದಾ?

ನಿವೃತ್ತ ಮೇಷ್ಟ್ರು

ಬೇಡ ತಾಯಿ. ಎಂಟು ವರ್ಷದ ಮಕ್ಕಳಿಗೆ ಸುಳ್ಳು ಹೇಳಿ ಅಳಿಸುವುದು ಪಾಠವೋ ಹಿಂಸೆಯೋ ಅನ್ನುವ ಜಗಳ ಅಲ್ಲಿಯೇ ಇನ್ನೂ ಮುಗಿದಿಲ್ಲ. ಆಕೆಯ ಮೇಲೆ ಊರವರೇ ತಿರುಗಿಬಿದ್ದರು.

ಕಾಳಿತೀರ

ಟೀಚರ್, ನೀವು ಕೇಳಿದ್ದೇ ಖುಷಿ. ಆದ್ರೆ ನನಗೂ ಬೇಡ ಅನ್ನಿಸುತ್ತೆ, ಕಾರಣ ಬೇರೆ. ಆ ಮಕ್ಕಳು ಪಟ್ಟಿ ಬಿಚ್ಚಿಟ್ಟು ಮನೆಗೆ ಹೋದ್ರು. ಮನೆಯಲ್ಲಿ ಅಪ್ಪ ಅಮ್ಮನ ಮೈಮೇಲೆ ಪಟ್ಟಿ ಇರಲಿಲ್ಲ. ಒಂದು ದಿನ ನನ್ನ ಹಾಗೆ ಇದ್ದು ನೋಡಿದ್ರೆ ನಿಮಗೆ ಗೊತ್ತಾಗೋದು ನಿಮ್ಮ ಆ ಒಂದು ದಿನ. ಅವ್ವನನ್ನೂ ಹೀಗೇ ಕೇಳ್ತಿದ್ರು, ಮಗಳನ್ನೂ ಕೇಳ್ತಾರೆ ಅನ್ನೋದು ಅದರಲ್ಲಿ ಬರಲ್ಲ. ‘ನನಗೂ ಆಗಿದೆ, ಗೊತ್ತು’ ಅಂತ ಬೇಗ ಹೇಳಿಬಿಟ್ಟವರು ಆಮೇಲೆ ಕೇಳೋದನ್ನ ನಿಲ್ಲಿಸಿಬಿಡ್ತಾರೆ. ಅದಕ್ಕಿಂತ ‘ಗೊತ್ತಿಲ್ಲ, ಹೇಳು’ ಅನ್ನೋರು ನನಗೆ ಇಷ್ಟ.

ಇನ್ನೊಂದು, ಆ ಆಟ ಆಡಿಸಿದ್ರೆ ನಿಮ್ಮ ಸಿದ್ದಿ ಮಕ್ಕಳಿಗೆ ಅದರಲ್ಲಿ ಹೊಸದೇನು? ಅವರು ಸುಮ್ನೆ ಕೂತು ಉಳಿದವರ ಪಾಠಕ್ಕೆ ಸಾಮಾನು ಆಗಬೇಕು.

ರಾಗಿಮುದ್ದೆ

ಮೇಡಂ, ಹಾಗಂತ ಎಲ್ಲರೂ ಬಾಯಿ ಮುಚ್ಚಿಕೊಂಡು ಇರಬೇಕಾ? ಕೇಳಿದ್ರೂ ತಪ್ಪು, ಗೊತ್ತು ಅಂದ್ರೂ ತಪ್ಪು. ಮಾತಾಡೋದು ಹೇಗೆ ಮತ್ತೆ?

ಕಾಳಿತೀರ

ಈಗ ಮಾತಾಡ್ತಿಲ್ವಾ ನೀವು? ಬೇರೆಯವರನ್ನ ಏನು ಕೇಳ್ತೀರೋ ಅದನ್ನೇ ನನ್ನನ್ನೂ ಕೇಳಿ. ಬಸ್ಸಿನಲ್ಲಿ ಸಿಕ್ಕಿದ್ರೆ ‘ಎಲ್ಲಿ ಇಳೀತೀರಿ’ ಅನ್ನಿ. ಸೀಟು ಯಾವಾಗ ಖಾಲಿ ಆಗುತ್ತೆ ಅಂತ ನಿಮಗೂ ಗೊತ್ತಾಗುತ್ತೆ.

ರಾಗಿಮುದ್ದೆ

ಹ್ಹಹ್ಹ. ಪೂರ್ತಿ ಒಪ್ಪಿಲ್ಲ, ಆದ್ರೆ ಸೀಟಿನ ವಿಷಯ ಒಪ್ಪಿದೆ.

ಅಡಿಕೆಹಾಳೆ

ಕಾಳಿತೀರ ಮೇಡಂ, ಆಟ ಬಿಟ್ಟೆ. ನಮ್ಮ ಶಾಲೆಯಲ್ಲೂ ಎರಡು ಜಡೆ, ರಿಬ್ಬನ್ ನಿಯಮ ಇದೆ. ಮುಂದಿನ ತಿಂಗಳು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ. ಏನು ಬರೆದು ಇಡಲಿ? ಮತ್ತೆ ಮಕ್ಕಳ ಕೂದಲಿಗೆ ಏನು ಮಾಡಬೇಕು, ಅದನ್ನೂ ಹೇಳಿ. ನನಗೆ ಗೊತ್ತಿಲ್ಲ.

ಕಾಳಿತೀರ

‘ಕೂದಲು ಸ್ವಚ್ಛವಾಗಿರಬೇಕು’ ಅಂತ ಅಷ್ಟೇ ಇಡಿ. ಜಡೆ, ರಿಬ್ಬನ್ ಎರಡೂ ತೆಗೀರಿ. ಸಮಿತಿಯವರು ಬಿಡದಿದ್ರೆ ‘ಅಥವಾ ಹೇರ್‌ಬ್ಯಾಂಡ್’ ಅಂತ ಸೇರಿಸಿ. ಸಿದ್ದಿ ಮಕ್ಕಳಿಗೆ ಮಾತ್ರ ವಿನಾಯಿತಿ ಅಂತ ಬರೀಬೇಡಿ, ಎಲ್ಲರಿಗೂ ಇಡಿ. ಸಭೆಗೆ ಸಿದ್ದಿ ತಾಯಂದಿರನ್ನ ಕರೀರಿ. ಕೂಲಿ ಬಿಟ್ಟು ಹಗಲು ಬರೋಕೆ ಆಗಲ್ಲ, ಸಂಜೆ ಇಟ್ಕೊಳ್ಳಿ.

ಕೂದಲನ್ನ ಒಣಗಿದ ಮೇಲೆ ಬಾಚಬಾರದು, ಮುರಿಯುತ್ತೆ. ಸ್ವಲ್ಪ ಒದ್ದೆ ಇರುವಾಗಲೇ ಎಣ್ಣೆ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರು ಮಾಡಿ ಬುಡಕ್ಕೆ ಬರಬೇಕು. ದಿನಾ ತಲೆಸ್ನಾನ ಬೇಡ. ಮತ್ತೆ ಮಗುವನ್ನ ಕೇಳದೆ ಯಾರೂ ಕೂದಲು ಮುಟ್ಟಬಾರದು, ನೀವೂ ಸೇರಿ. ಸಭೆಯಲ್ಲಿ ಏನಾಯ್ತು ಅಂತ ಬರೀರಿ.